ವಾಸನೆ ಹೋದ ಅಕ್ಕನ ಬಗ್ಗೆ

ಆನ್‌ಲೈನ್ ಅಂಗಡಿಯ ಗೋದಾಮಿನ ಮ್ಯಾನೇಜರ್ ಅವರಿಗೆ,

ಬಟ್ಟೆ ವಾಪಸು ಕಳಿಸುವ ಗ್ರಾಹಕರಿಂದ ಶುಲ್ಕ ವಸೂಲಿ ಮಾಡಿ, ಆ ದುಡ್ಡಲ್ಲಿ ನಮಗೆ ಮಾಸ್ಕು, ಫ್ಯಾನು, ಕೂರಲು ಸ್ಟೂಲು ಕೊಡುತ್ತೇವೆ ಎಂದಿರಿ. ಶುಲ್ಕ ಬಂತು. ಉಳಿದದ್ದು ಯಾವುದೂ ಬರಲಿಲ್ಲ.

ವಾಪಸು ಬಂದ ಅಂಗಿಯ ಕಂಕುಳು ಮೂಸಿ, ಯಾರಾದರೂ ತೊಟ್ಟಿದ್ದರೋ ಇಲ್ಲವೋ ಹೇಳುವುದು ನಮ್ಮ ಕೆಲಸ. ಹನ್ನೊಂದು ವರ್ಷ ಈ ಧೂಳಲ್ಲಿ ಮೂಸಿ ಮೂಸಿ ನನ್ನಕ್ಕನಿಗೆ ವಾಸನೆಯೇ ಹೋಯಿತು. ತೊಟ್ಟ ಅಂಗಿಯೊಂದನ್ನು ಹೊಸದೆಂದು ಬಿಟ್ಟಳು. “ಮೂಗು ಸತ್ತೋರಿಗೆ ಇಲ್ಲೇನಮ್ಮ ಕೆಲಸ?” ಎಂದು ಮನೆಗೆ ಕಳಿಸಿದಿರಿ. ಮೊನ್ನೆ ಗ್ಯಾಸ್ ಸೋರುತ್ತಿದ್ದರೂ ತಿಳಿಯದೆ ಬೆಂಕಿಕಡ್ಡಿ ಹಿಡಿದು ನಿಂತಿದ್ದಳು. ನಾನು ಕಿತ್ತುಕೊಂಡೆ.

ಅವಳನ್ನು ಲೇಬಲ್ ಅಂಟಿಸಲು ತೆಗೆದುಕೊಳ್ಳಿ, ಅದಕ್ಕೆ ಕಣ್ಣು ಸಾಕು. ನಮ್ಮ ಹೆಸರಲ್ಲಿ ಜನರಿಂದ ಕೀಳುವ ಶುಲ್ಕವನ್ನು ನಿಲ್ಲಿಸಿ, ಇಲ್ಲವೇ ಕೊಟ್ಟ ಮಾತು ನಡೆಸಿ.

ಇಂತಿ,
ವಾಪಸು ವಿಭಾಗದ ತಂಗಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಲವತ್ತು ಹೆಂಗಸರು ನಿಮ್ಮ ಕೋಣೆಗೆ ಬರುತ್ತೇವೆ.