ಅಮ್ಮಿಯ ಗುಂಪಿನ ರಕ್ತ

ಶಿರಾ ಗೇಟ್, ತುಮಕೂರು
8 ಸೆಪ್ಟೆಂಬರ್ 2004

ಪ್ರೀತಿಯ ಅಶ್ಫಾಕ್ ಭಾಯಿಗೆ,

ನಿನ್ನ ತಂಗಿ ಜೈಬಾಳ ಸಲಾಂ. ಹೇಗಿದ್ದೀಯ? ದಮ್ಮಾಮ್‌ನ ಸೆಕೆ ಸ್ವಲ್ಪವಾದರೂ ಇಳಿಯಿತೇ? ಹೋದ ವಾರ ಫೋನಿನಲ್ಲಿ ಕೆಮ್ಮುತ್ತಿದ್ದೆ, ಡಾಕ್ಟರ್ ಹತ್ತಿರ ಹೋದೆಯೋ ಇಲ್ಲ ಎಂದಿನಂತೆ ಸುಮ್ಮನಿದ್ದೀಯೋ? ಇಲ್ಲಿ ಅಬ್ಬಾ ಆರಾಮವಾಗಿದ್ದಾರೆ. ಅಂಗಡಿಯಲ್ಲಿ ಯೂನಿಫಾರಂ ಹೊಲಿಗೆ ಮುಗಿದು ಹಬ್ಬದ ಬಟ್ಟೆಗಳು ಬರಲು ಶುರುವಾಗಿವೆ. ಅಮ್ಮಿ ನಿನ್ನ ಹೆಸರು ಹೇಳದೆ ಊಟಕ್ಕೆ ಕೂರುವುದಿಲ್ಲ. ಕನ್ನಡದಲ್ಲಿ ಬರೆದಿದ್ದೇನೆಂದು ನಗಬೇಡ. ನಾವಿಬ್ಬರೂ ಶಾಲೆಯಲ್ಲಿ ಕಲಿತದ್ದು ಇದನ್ನೇ. ಉರ್ದು ಬರೆಯಲು ಕೂತರೆ ನನ್ನ ಅಕ್ಷರ ಇನ್ನೂ ಒಂದನೇ ಕ್ಲಾಸಿನದು.

ನೀನು ಡಿಟಿಪಿ ಅಂಗಡಿ ಮುಚ್ಚಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಇನ್ನೂ ಬದುಕಿದೆ. ಆನ್ ಮಾಡಿದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಅಷ್ಟೆ. ಡಿಪ್ಲೊಮಾ ಕೊನೆಯ ವರ್ಷದ ಪ್ರಾಜೆಕ್ಟನ್ನು ಅದರಲ್ಲೇ ಮಾಡಿದೆ. ಹೋದ ವರ್ಷ ಅಮ್ಮಿಗೆ ರಕ್ತ ಬೇಕಾದಾಗ ಓ ನೆಗೆಟಿವ್ ಊರಲ್ಲೆಲ್ಲೂ ಸಿಗದೆ ಅಬ್ಬಾ ಬೆಂಗಳೂರಿಗೆ ಓಡಿದ್ದರಲ್ಲ, ಬಸ್ಸಿನಲ್ಲಿ ಆ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದವರ ಮುಖ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅದಕ್ಕೇ ರಕ್ತ ಕೊಡುವವರ ಹೆಸರು, ಊರು, ಫೋನ್ ನಂಬರ್ ಸೇರಿಸಿ, ಗುಂಪು ಒತ್ತಿದರೆ ಹುಡುಕಿ ಕೊಡುವ ಒಂದು ವೆಬ್ ಪೇಜ್ ಮಾಡಲು ಹೊರಟೆ.

ಆದರೆ ನಿನ್ನ ಕಂಪ್ಯೂಟರ್ ನನ್ನ ಕಣ್ಣಲ್ಲಿ ನೀರು ತರಿಸಿಬಿಟ್ಟಿತು ಭಾಯಿ. ಮೊದಲು ವೆಬ್ ಸರ್ವರ್ ಹಾಕಿ ಪೇಜ್ ತೆರೆದರೆ, ನಾನು ಪಿಎಚ್‌ಪಿಯಲ್ಲಿ ಬರೆದ ಪ್ರೋಗ್ರಾಮ್ ನಡೆಯುವ ಬದಲು ಬರೆದದ್ದು ಬರೆದ ಹಾಗೇ ಪರದೆಯ ತುಂಬ ಬಂತು. ಹಿಂದೆ ನಿಂತಿದ್ದ ಅಬ್ಬಾ, “ಮಾಷಾ ಅಲ್ಲಾಹ್, ಎಷ್ಟೊಂದು ಬರ್ದಿದೀಯಮ್ಮಾ! ಆಯ್ತಲ್ಲ ಇನ್ನೇನು?” ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಫೈಲನ್ನು ಪಿಎಚ್‌ಪಿಗೆ ಕೊಡು ಎಂದು ಸರ್ವರ್‌ಗೆ ಹೇಳುವ ಸಾಲನ್ನೇ ನಾನು ಸೆಟಿಂಗ್ ಫೈಲಿನಲ್ಲಿ ಹಾಕಿರಲಿಲ್ಲ. ಹಾಕಿದ ಮೇಲೆ ಪೇಜ್ ಬಂತು.

ಅಮೃತೂರಿನ ಅನುಪಮಾ ನನ್ನ ಪ್ರಾಜೆಕ್ಟ್ ಜೊತೆಗಾತಿ. ಅವಳು ತನ್ನ ಕಂಪ್ಯೂಟರನ್ನು ಬಸ್ಸಿನಲ್ಲಿ ತಂದು ನಮ್ಮದಕ್ಕೆ ಕೇಬಲ್ ಹಾಕಿದಳು, ಇಬ್ಬರೂ ಕೂತು ಹೆಸರು ತುಂಬಿಸೋಣ ಅಂತ. ನನ್ನದರಲ್ಲಿ ಪಾಸ್‌ವರ್ಡ್ ಹಾಕಿದರೆ ಒಳಗೆ ಹೋಗುತ್ತಿತ್ತು. ಅವಳದರಲ್ಲಿ ಎಷ್ಟು ಸಲ ಹಾಕಿದರೂ ಮತ್ತೆ ಪಾಸ್‌ವರ್ಡ್ ಪೇಜೇ. “ಏನೇ ಇದು, ಒಳಗ್ ಕರ್ದು ಆಚೆ ನೂಕ್ತದೆ!” ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಪ್ರೋಗ್ರಾಮಿನಲ್ಲೇ ತಪ್ಪು ಎಂದು ಪೂರ್ತಿ ಹೊಸದಾಗಿ ಬರೆದೆ. ಆದರೂ ಅದೇ. ಲೆಕ್ಚರರ್, ಆಗದಿದ್ದರೆ ಬೇರೆ ಪ್ರಾಜೆಕ್ಟ್ ತಗೊಳ್ಳಿ ಅಂದರು. ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಅತ್ತೆ. ಅಮ್ಮಿ ಈರುಳ್ಳಿ ತಟ್ಟೆಯನ್ನು ನನ್ನ ಮುಂದಿಟ್ಟು, “ಹೆಂಗೂ ಅಳ್ತಿದೀಯ, ಇದನ್ನೂ ಹೆಚ್ಕೊಡು” ಅಂದಳು. ನಮ್ಮ ಅಮ್ಮಿ ಗೊತ್ತಲ್ಲ ನಿನಗೆ.

ಮಾರನೆಯ ದಿನ ಫೈಲ್ ಸೇವ್ ಮಾಡುವಾಗ ಅದರ ತಾರೀಖು ಕಣ್ಣಿಗೆ ಬಿತ್ತು. 1999, ಜನವರಿ! ಒಳಗಿನ ಬೋರ್ಡಿನ ಬಿಲ್ಲೆ ಸೆಲ್ ಸತ್ತುಹೋಗಿ, ಕರೆಂಟ್ ಹೋದಾಗಲೆಲ್ಲ ನಿನ್ನ ಕಂಪ್ಯೂಟರ್ ಆ ತಾರೀಖಿಗೇ ವಾಪಸ್ ಹೋಗುತ್ತಿತ್ತು. ಪಾಸ್‌ವರ್ಡ್ ಸರಿಯಿದ್ದರೆ ಅದು ಎದುರಿನ ಕಂಪ್ಯೂಟರಿಗೆ ಬಸ್ ಪಾಸಿನಂಥ ಒಂದು ಗುರುತು ಕೊಡುತ್ತದೆ, ಆ ಪಾಸಿನ ಮೇಲೆ ‘ಇನ್ನೊಂದು ಗಂಟೆ ನಡೆಯುತ್ತದೆ’ ಎಂದು ತನ್ನ ಗಡಿಯಾರ ನೋಡಿಯೇ ಬರೆಯುತ್ತದೆ. ಅನುಪಮಾಳ ಕಂಪ್ಯೂಟರ್‌ನಲ್ಲಿ ಈ ವರ್ಷದ ತಾರೀಖು. ಐದು ವರ್ಷ ಹಿಂದೆಯೇ ಮುಗಿದ ಪಾಸ್ ಎಂದು ಅದು ಎಸೆದುಬಿಡುತ್ತಿತ್ತು. ವಾಚ್ ಅಂಗಡಿಯಿಂದ ಸೆಲ್ ತಂದು ಹಾಕಿ, ತಾರೀಖು ತಿದ್ದಿದೆ. ಅನುಪಮಾ ಪಾಸ್‌ವರ್ಡ್ ಒತ್ತಿದಳು, ಒಳಗೆ ಹೋಯಿತು. ಇಬ್ಬರೂ ಕಿರುಚಿದ್ದಕ್ಕೆ ಅಬ್ಬಾ ಕತ್ತರಿ ಹಿಡಿದುಕೊಂಡೇ ಅಂಗಡಿಯಿಂದ ಓಡಿ ಬಂದರು.

ಆಮೇಲೆ ಕ್ಲಾಸಿನ ಹುಡುಗಿಯರೆಲ್ಲ ಅವರವರ ಊರಿನ ಹೆಸರು ತಂದರು. ಮೊನ್ನೆ ಅಮ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಗುಂಪನ್ನು ಅವಳ ಕೈಯಿಂದಲೇ ಒತ್ತಿಸಿದೆ. ಎರಡು ಹೆಸರು ಬಂದವು. ಒಂದು ಅನುಪಮಾಳ ಪಕ್ಕದ ಮನೆಯ ಚಿಕ್ಕರಂಗಯ್ಯ, ಖಾಸಗಿ ಬಸ್ಸಿನ ಕಂಡಕ್ಟರ್. ಇನ್ನೊಂದು ನೀನು. ಪ್ರೋಗ್ರಾಮ್ ನಡೆಯುತ್ತದೋ ನೋಡಲು ಎಲ್ಲರಿಗಿಂತ ಮೊದಲು ನಿನ್ನ ಹೆಸರನ್ನೇ ಹಾಕಿದ್ದೆ. ನೀನು ಊರಲ್ಲಿಲ್ಲವಲ್ಲ, ಅಳಿಸುತ್ತೇನೆ ಅಂದೆ. ಅಮ್ಮಿ ನಿನ್ನ ಹೆಸರಿನ ಮೇಲೆ ಕೈ ಇಟ್ಟು, “ಬೇಡ, ಇರ್ಲಿ ಬಿಡು” ಅಂದಳು.

ಅಬ್ಬಾ, ಅಮ್ಮಿಯ ದುವಾ ನಿನ್ನ ಮೇಲೆ ಸದಾ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಪ್ರೀತಿಯ
ಜೈಬಾ

ಮತ್ತೆ: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮಿಗೆ ಮತ್ತೆ ರಕ್ತ ಹೋಗುತ್ತಿದೆ. ಗರ್ಭಕೋಶ ತೆಗೆಯಲೇಬೇಕು ಅಂದಿದ್ದಾರೆ ಡಾಕ್ಟರಮ್ಮ. ಅಕ್ಟೋಬರ್ ಮೊದಲ ವಾರ, ರಂಜಾನ್‌ಗೆ ಮುಂಚೆ. “ಅವ್ನಿಗ್ ಹೇಳ್ಬೇಡ, ಕೆಲ್ಸ ಬಿಟ್ಟು ಓಡ್ಬರ್ತಾನೆ” ಎಂದು ಅಮ್ಮಿ ಹಟ ಹಿಡಿದಿದ್ದಾಳೆ. ಫೋನ್ ಮಾಡಿದರೆ ಇಬ್ಬರೂ ಪಕ್ಕದಲ್ಲೇ ನಿಂತಿರುತ್ತಾರೆ, ಅದಕ್ಕೇ ಕಾಗದ. ಚಿಕ್ಕರಂಗಯ್ಯನವರು ಬರುತ್ತೇನೆ ಅಂದಿದ್ದಾರೆ. ನಿನ್ನೆ ಗುಬ್ಬಿಯಲ್ಲೂ ಒಬ್ಬರು ಸಿಕ್ಕರು. ರಕ್ತಕ್ಕೋಸ್ಕರ ನೀನು ಬರಬೇಕಾಗಿಲ್ಲ. ಆದರೆ ಆಪರೇಷನ್ ಮಾತು ಬಂದಾಗಿನಿಂದ ಅಮ್ಮಿ ನಿನ್ನ ಮಂಚದ ಮೇಲೆಯೇ ಮಲಗುತ್ತಿದ್ದಾಳೆ. ರಜೆ ಕೇಳು ಭಾಯಿ.