ಹೆಬ್ಬೆರಳಿನ ತಿರುವು

ಜನವರಿ 19, ಸೋಮವಾರ

ಮತ್ತೆ ಅದೇ ಗೋಳು. ಕಾಲಿಲ್ಲದವರಿಗೆ ಕಾಲು ಜೋಡಿಸುವ ಟ್ರಸ್ಟಿನ ಕ್ಯಾಂಪಿಗೆ, ಮಕ್ಕಳ ಕೃತಕ ಪಾದದ ಅಚ್ಚು. ಅಲ್ಯೂಮಿನಿಯಂ ಬ್ಲಾಕಿನಲ್ಲಿ ಪಾದದ ಆಕಾರ ಕೊರೆಯಬೇಕು. ನೇರ ಗೆರೆಯಲ್ಲಿ ನಮ್ಮ ಮಿಲ್ಲಿಂಗ್ ಮೆಷಿನ್ ಕುದುರೆ. ತಿರುವು ಬಂತೋ, ತೊದಲು. ಗರ್‍ರ್... ನಿಲ್ಲು... ಗರ್‍ರ್. ಹಿಮ್ಮಡಿ ದಾಟುವಷ್ಟರಲ್ಲಿ ಶಿಫ್ಟೇ ಮುಗಿಯುತ್ತದೆ. ಪ್ರೋಗ್ರಾಂ ಬರೆಯುವವಳು ನಾನೇ ಆದ್ದರಿಂದ ವೇಗ ಹೆಚ್ಚಿಸಿಯೂ ನೋಡಿದೆ. ಮೆಷಿನ್ ನಡುಗಿತು, ಅಚ್ಚಿನ ತುಂಬ ಅಲೆ ಅಲೆ ಗೆರೆ.

ಮಧ್ಯಾಹ್ನ ಮಾಲೀಕರು, ವಿಶ್ವನಾಥ್ ಸರ್, ಬಂದರು. "ಹೇಮಶ್ರೀ, ಮಾರ್ಚ್ ಕ್ಯಾಂಪಿಗೆ ದೊಡ್ಡ ಸೈಜು ಮಾತ್ರ ಕೊಡೋಣ. ಸಣ್ಣವು ನಮ್ ಕೈಲಿ ಆಗಲ್ಲ ಅಂತ ಟ್ರಸ್ಟಿನವರಿಗೆ ಹೇಳ್ಬಿಡ್ತೀನಿ."

ಪಾದ ಸಣ್ಣದಾದಷ್ಟೂ ತಿರುವು ಬಿಗಿ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಐದಾರು ವರ್ಷದ ಮಕ್ಕಳು? ಮುಂದಿನ ಕ್ಯಾಂಪಿನ ತನಕ ಊರುಗೋಲು.

ಸ್ವಲ್ಪ ಸಮಯ ಕೇಳಿದೆ. ಕೊಟ್ಟರು. ಇಲ್ಲೇ ಹೆಬ್ಬಾಳದಲ್ಲಿ ಗಗನ ಅಂತ ಒಬ್ಬಳು ಎಂಜಿನಿಯರ್ ಇದ್ದಾಳಂತೆ, ಮೆಷಿನ್ ಚಲನೆಯ ಸಾಫ್ಟ್‌ವೇರ್ ತಾನೇ ಬರೆಯುತ್ತಾಳಂತೆ. ಫೋನ್ ಮಾಡಿದೆ. "ಬರ್ತೀನಿ ಮೇಡಂ." ಅಷ್ಟೇ ಅಂದಳು.

ಜನವರಿ 22, ಗುರುವಾರ

ಬಂದಳು. ಸ್ಕೂಟರಿನಲ್ಲಿ, ಹೆಗಲಿಗೆ ಬ್ಯಾಗ್. ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಮೆಷಿನ್ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಸುಮ್ಮನೆ ಕೇಳಿಸಿಕೊಂಡಳು.

ಆಪರೇಟರ್ ಜವರಪ್ಪನವರಿಗೆ ನಗು. ಆ ಮೆಷಿನ್ ಬಂದಾಗಿನಿಂದ ನಡೆಸುತ್ತಿರುವವರು ಅವರೇ. "ಏನವ್ವಾ, ನಾಡಿ ನೋಡ್ತಾ ಇದ್ದೀಯಾ?"

"ಹೂಂ ಅಣ್ಣ. ಎಲ್ಲಿ ಜಾಸ್ತಿ ಅದುರತ್ತೆ, ನೀವೇ ಹೇಳಿ."

ಟೀ ಹೊತ್ತಿಗೆ ವಿವರಿಸಿದಳು. ನಾವು ಕೊಡುವ ಬಾಗು, ಮೆಷಿನ್‌ಗೆ ಚೂರು ಚೂರು ನೇರ ಗೆರೆಗಳಾಗಿ ಹೋಗುತ್ತದೆ. ಅದಕ್ಕೆ ಕಾಣುವುದು ಮುಂದಿನ ಒಂದೇ ಚೂರು. ಹಾಗಾಗಿ ಪ್ರತಿ ಚೂರಿನ ಕೊನೆಗೂ ನಿಧಾನ. "ಚಾಮುಂಡಿ ಬೆಟ್ಟದ ರಸ್ತೇಲಿ ಹೊಸ ಡ್ರೈವರ್ ಥರ, ಹೇಮಕ್ಕ. ಹೆಜ್ಜೆಹೆಜ್ಜೆಗೂ ಬ್ರೇಕ್. ದಾರಿ ಗೊತ್ತಿರೋನು ಮುಂದಿನ ತಿರುವುಗಳನ್ನೆಲ್ಲ ಮನಸ್ಸಲ್ಲಿಟ್ಕೊಂಡೇ ಓಡಿಸ್ತಾನೆ." ಅವಳ ಸಾಫ್ಟ್‌ವೇರ್ ಬಹಳ ಮುಂದಕ್ಕೆ ನೋಡಿ, ಚೂರುಗಳನ್ನು ಒಂದೇ ಬಾಗಾಗಿ ಬೆಸೆದು, ಎಲ್ಲಿ ನಿಧಾನ ಎಲ್ಲಿ ಓಟ ಅಂತ ಮೊದಲೇ ಲೆಕ್ಕ ಹಾಕುತ್ತದೆ.

"ನೋಡಾಣ. ಬೆಟ್ಟದಿಂದ ಕೆಳಕ್ಕೆ ಉರುಳುಸ್ಬುಡಬ್ಯಾಡ ಕಣವ್ವ," ಅಂದರು ಜವರಪ್ಪ.

ಮನೆಗೆ ಬಂದ ಮೇಲೂ ಯೋಚನೆ. ಇಷ್ಟು ವರ್ಷ ನನಗೇಕೆ ಹೊಳೆಯಲಿಲ್ಲ? ಸ್ವಲ್ಪ ಹೊಟ್ಟೆಕಿಚ್ಚು. ಸುಳ್ಳೇಕೆ ಬರೆಯಲಿ.

ಜನವರಿ 23, ಶುಕ್ರವಾರ

ಉರುಳಿಸಿಬಿಟ್ಟಳು.

ಅವಳ ಸಾಫ್ಟ್‌ವೇರ್ ಹಾಕಿ ಕೊರೆದ ಮೊದಲ ಬ್ಲಾಕ್. ಹಿಮ್ಮಡಿ ಚೆನ್ನಾಗಿಯೇ ಬಂತು. ಬೆರಳುಗಳ ಹತ್ತಿರ ಹೆಬ್ಬೆರಳಿಗೂ ಪಕ್ಕದ್ದಕ್ಕೂ ನಡುವೆ ಅಚ್ಚಿನಲ್ಲಿ ನಿಲ್ಲಬೇಕಾದ, ತೆಳು ಗೋಡೆಯಂಥ ಏಣು ಹಾರಿಹೋಯಿತು. ಪಾದದಲ್ಲಿ ಬೆರಳ ಸಂದು ಮೂಡುವುದು ಆ ಏಣಿನಿಂದಲೇ; ಸಂದಿಲ್ಲದಿದ್ದರೆ ಹವಾಯಿ ಚಪ್ಪಲಿ ಹಾಕುವ ಹಾಗಿಲ್ಲ. ಬ್ಲಾಕ್ ದಂಡ. ಸರ್ ಮುಖ ಕಪ್ಪಿಟ್ಟಿತು.

ಮೆಷಿನ್ ಕಂಪನಿಗಳ ಎಂಜಿನಿಯರ್‌ಗಳನ್ನು ಬಹಳ ನೋಡಿದ್ದೇನೆ. ಮೊದಲ ಮಾತು, "ನಿಮ್ಮ ಪ್ರೋಗ್ರಾಂ ಸರಿಯಿಲ್ಲ." ಇವಳು ಅಂದದ್ದು: "ತಪ್ಪು ನಂದೇ ಸರ್. ನುಣುಪು ಮಾಡೋ ಆಸೇಲಿ ಮೂಲೆ ತಿಂದ್ಬಿಟ್ಟೆ."

ಆಮೇಲೆ ನನ್ನ ಕಡೆ ತಿರುಗಿ, "ಹೇಮಕ್ಕ, ಎಲ್ಲಿ ಕೊಂಚ ಆಚೀಚೆ ಆದ್ರೂ ನಡೆಯತ್ತೆ, ಎಲ್ಲಿ ಒಂದೆಳೇನೂ ಆಗಬಾರದು? ನಂಗೆ ಗಣಿತ ಗೊತ್ತು, ಪಾದ ಗೊತ್ತಿಲ್ಲ."

ಡ್ರಾಯಿಂಗ್ ಹರಡಿಕೊಂಡು ಕೂತೆವು. ಅಂಗಾಲಿನ ಗುಳಿ — ಸಡಿಲ ಬಿಡಬಹುದು. ಬೆರಳ ಸಂದು — ಬಿಗಿ. ಕಣಕಾಲು ಜೋಡಿಸುವ ಜಾಗ — ಬಿಗಿಯೋ ಬಿಗಿ. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ.

ಜನವರಿ 30, ಶುಕ್ರವಾರ

ಬರೆಯಲು ಪುರುಸೊತ್ತಿರಲಿಲ್ಲ. ಇವತ್ತು ಎರಡನೇ ಬ್ಲಾಕ್. ಸರ್ ಮೊದಲೇ ಹೇಳಿದ್ದರು: "ಇದೇ ಕೊನೇದು."

ಆ ಸದ್ದನ್ನು ಹೇಗೆ ಬರೆಯಲಿ! ತೊದಲೇ ಇಲ್ಲ. ಒಂದೇ ಉಸಿರು. ತಿರುವಿನಲ್ಲಿ ಚೂರು ಇಳಿದು, ಹೊರಳಿ, ಮತ್ತೆ ಏರುವ ದನಿ. ಹೆಬ್ಬೆರಳ ಸಂದು ಬಂದಾಗ ಎಲ್ಲರೂ ಮುಂದೆ ಬಾಗಿದೆವು. ಏಣು ನಿಂತಿತು. ಊಟಕ್ಕೆ ಮುಂಚೆಯೇ ಕೆಲಸ ಪೂರ್ತಿ! ಜವರಪ್ಪ ಹೆಬ್ಬೆಟ್ಟಿನಿಂದ ಅಚ್ಚು ಸವರಿ ನೋಡಿ, "ರೇಷ್ಮೆ ಕಣವ್ವ," ಅಂದರು.

"ಇವತ್ತೇ ಕಳಿಸ್ರೀ!" ಸರ್ ಉಬ್ಬಿಹೋಗಿದ್ದರು.

"ಅಳೀದೆ ಬೇಡ ಸರ್," ಅಂದಳು ಗಗನ.

ಅಳೆದಳು. ಕಣಕಾಲಿನ ಜಾಗ ಕೂದಲೆಳೆಯಷ್ಟು ಕಿರಿದು.

"ಅದನ್ನ ಯಾರು ನೋಡ್ತಾರೆ ಬಿಡ್ರೀ."

"ಯಾರೂ ನೋಡಲ್ಲ ಸರ್. ಆದ್ರೆ ಅಚ್ಚು ಕಿರಿದಾದ್ರೆ ಪಾದವೂ ಸಣ್ಣದಾಗಿ, ಕಾಲಿಗೆ ಸಡಿಲ ಕೂರತ್ತೆ. ಮಗು ಅದರ ಮೇಲೆ ದಿನಾ ನಿಲ್ಲಬೇಕು."

ಕಳಿಸುವ ಮಾತನ್ನು ಸರ್ ಅಲ್ಲಿಗೇ ಕೈಬಿಟ್ಟರು. ಗೆಲುವನ್ನು ತಾನೇ ತಡೆದು ನಿಲ್ಲಿಸಿದವಳನ್ನು ನಾನು ಈವರೆಗೆ ಕಂಡಿರಲಿಲ್ಲ.

ಕಾರಣವನ್ನೂ ಹುಡುಕಿದಳು. ಓಡುವಾಗ ಮೆಷಿನ್ ಆದೇಶಕ್ಕಿಂತ ಒಂದು ಕ್ಷಣ ಹಿಂದೆ. ತಿರುವಿನಲ್ಲಿ ಆ ಹಿಂದುಳಿಕೆ ಒಳಕ್ಕೆ ಎಳೆಯುತ್ತದೆ. ಆದೇಶವನ್ನೇ ಕೊಂಚ ಮುಂಚೆ ಕೊಡಬೇಕು.

"ಓಡೋ ಎತ್ತಿಗೆ ತಿರುವು ಬರಾಕ್ ಮುಂಚೇನೇ ಹಗ್ಗ ಎಳ್ದಂಗೆ," ಅಂದರು ಜವರಪ್ಪ.

"ಅದೇ ಅಣ್ಣ, ಅದೇ!"

ಕಿರಿದಾದದ್ದೇ ಪುಣ್ಯ. ಅದೇ ಬ್ಲಾಕನ್ನು ಮತ್ತೆ ಕೊರೆಯಬಹುದು.

ಫೆಬ್ರವರಿ 4, ಬುಧವಾರ

ಸರಿಬಂತು. ಗಗನ ಅಳೆದಳು, ನಾನೂ ಅಳೆದೆ. ನಂಬಿಕೆ ಸಾಲದೆ ಇನ್ನೊಮ್ಮೆ ಅಳೆದೆ. ಓಟವೂ ಇದೆ, ಅಳತೆಯೂ ಇದೆ. ಸರ್ ಟ್ರಸ್ಟಿಗೆ ಫೋನ್ ಮಾಡಿದರು: "ಸಣ್ಣ ಸೈಜು ಎಲ್ಲಾ ಕೊಡ್ತೀವಿ."

ಸಂಜೆ ಒಂದೊಂದು ಸೆಟ್ಟಿಂಗನ್ನೂ ನನ್ನ ಕೈಯಿಂದಲೇ ಬದಲಾಯಿಸಿ ಕಲಿಸಿದಳು. ಏನನ್ನೂ ಮುಚ್ಚಿಡಲಿಲ್ಲ. "ನಾನಿಲ್ದಾಗ ನೀವೇ ತಿದ್ದಬೇಕಲ್ಲ ಹೇಮಕ್ಕ." ಇಷ್ಟು ಚಿಕ್ಕ ವಯಸ್ಸಿಗೆ ಈ ದೊಡ್ಡತನ ಹೇಗೆ ಬಂತೋ.

ಮಾರ್ಚ್ 15, ಭಾನುವಾರ

ಕ್ಯಾಂಪಿನ ಹಾಲಿನಲ್ಲೇ ಕೂತು ಗೀಚುತ್ತಿದ್ದೇನೆ. ಕೊನೆಯ ಸಾಲು. ಪಕ್ಕದಲ್ಲಿ ಗಗನ, ಆಚೆ ಜವರಪ್ಪ. ವೇದಿಕೆಯಿಂದ ದಾನಿಗಳಿಗೆ, ಡಾಕ್ಟರುಗಳಿಗೆ, ಸರ್‌ಗೆ ವಂದನೆ. ಜವರಪ್ಪ ಎದ್ದು ಇವಳ ಹೆಸರು ಕೂಗಲು ಹೊರಟರು. ತೋಳು ಹಿಡಿದು ಕೂರಿಸಿದಳು. "ಸುಮ್ನಿರಿ ಅಣ್ಣ, ಅಲ್ಲಿ ನೋಡಿ."

ನಂಜನಗೂಡಿನ ಕಡೆಯ ಪುಟ್ಟ ಹುಡುಗಿ. ಹೊಸ ಕಾಲು ಕಟ್ಟಿದ್ದಾರೆ. ತಾಯಿ ಎರಡೂ ರಟ್ಟೆ ಹಿಡಿದಿದ್ದಾಳೆ, ಬಿಡಲೊಲ್ಲಳು.

"ಕೈ ಬುಡವ್ವ."

"ಬಿದ್ದೋಯ್ತೀಯ ಕಣೇ."

"ಬುಡು ಅಂದ್ರೆ!"

ಬಿಟ್ಟಳು. ಗಗನ ನನ್ನ ಎಡಗೈ ಹಿಂಡುತ್ತಿದ್ದಾಳೆ, ಅಕ್ಷರ ಸೊಟ್ಟಗಾಗುತ್ತಿದೆ. ಒಂದು ಹೆಜ್ಜೆ. ವಾಲಿದಳು... ಇಲ್ಲ, ನಿಂತಳು. ಇನ್ನೊಂದು. ತಾಯಿಯನ್ನು ದಾಟಿ, ನೇರ ನಮ್ಮ ಸಾಲಿನ ಕಡೆಗೇ —