ಹ್ಯೂ ಊರಿನ ಅಮಾವಾಸ್ಯೆ ಊಟ

ಹ್ಯೂ, ವಿಯೆಟ್ನಾಂ

ಅತ್ತೆಯವರಿಗೆ ವಾಣಿಯ ಶರಣು.

ಹನೋಯಿಯಲ್ಲಿ ಎಲ್ಲದಕ್ಕೂ ಮೀನಿನ ರಸ ಹಾಕುತ್ತಿದ್ದರು. ನೀವು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ದಿನ ದೂಡಿದೆ. ಇವತ್ತು ಹ್ಯೂ ಊರಿಗೆ ಬಂದರೆ ಬೀದಿ ತುಂಬ ಸಸ್ಯಾಹಾರದ ಬೋರ್ಡು! ಇಲ್ಲಿ ಅಮಾವಾಸ್ಯೆಗೆ ಬಹಳ ಜನ ಮಾಂಸ ಮುಟ್ಟುವುದಿಲ್ಲವಂತೆ. “ಅಮಾಸಿ ದಿನ ಮಾತ್ರ ಹೊರಗಿಂದು ಮುಟ್ಟಬ್ಯಾಡವ್ವ” ಅಂದಿದ್ದಿರಿ. ಮುಟ್ಟಿದೆ. ಅಕ್ಕಿ ಹಾಳೆಯಲ್ಲಿ ಸುತ್ತಿದ ಸೊಪ್ಪು, ಬಾಳೆಹೂವಿನ ಪಲ್ಯ ಹೊಟ್ಟೆ ತುಂಬ ತಿಂದೆ. ಆರೋಗ್ಯವಾಗಿದ್ದೇನೆ. ಮುಂದೆ ಸೈಗಾನ್‌ನಲ್ಲೂ ಹುಡುಕಿಕೊಂಡು ಹೋಗಿ ತಿನ್ನುವವಳೇ. ಬೈಯುವುದಿದ್ದರೆ ದಾವಣಗೆರೆಗೆ ಬಂದಮೇಲೆ ಬೈಯಿರಿ.

ಬಸ್ಸು ಹೊರಡುತ್ತಿದೆ, ಇದೊಂದು ಹೇಳಿಬಿಡುತ್ತೇನೆ. ಊಟ ಬಡಿಸಿದ ಅಂಗಡಿಯ ಅಜ್ಜಿಗೆ ನಿಮ್ಮ ಚಟ್ನಿಪುಡಿ ಕೊಟ್ಟೆ. ತೀರಿಕೊಂಡ ತನ್ನ ಅತ್ತೆಯ ಫೋಟೊ ಮುಂದೆ ಅದನ್ನು ಎಡೆ ಇಟ್ಟು, ಆಮೇಲೆಯೇ ತಾನು ನಾಲಿಗೆಗೆ ಹಚ್ಚಿದಳು.

ನಿಮ್ಮ ಸೊಸೆ